‘ಸರ್ ಬೇಡ, ರವಿ ಅನ್ನಿ’ ಎಂದರೆ ಏನು ಮಾಡಬೇಕು? ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯುವವರಿಗೆ ಒಂದು ಕೈಪಿಡಿ

ನಾನು ಮೊದಲು ಕೆಲಸಕ್ಕೆ ಸೇರಿದ್ದು ನಮ್ಮೂರಿನ ಒಂದು ಸಹಕಾರಿ ಸಂಘದಲ್ಲಿ. ಅಲ್ಲಿನ ಕಾರ್ಯದರ್ಶಿಗಳ ಹೆಸರೇನು ಅಂತ ನನಗೆ ಗೊತ್ತಾಗಿದ್ದು ಸೇರಿ ಎರಡು ತಿಂಗಳಾದ ಮೇಲೆ, ಅದೂ ಅವರ ಮಗಳ ಮದುವೆಯ ಲಗ್ನಪತ್ರಿಕೆ ಓದಿ. ಎದುರಿಗಿದ್ದಾಗ ಅವರು ‘ಸರ್’, ಬೆನ್ನ ಹಿಂದೆ ‘ಸೆಕ್ರೆಟ್ರಿಗಳು’. ಹೆಸರಿನ ಅಗತ್ಯವೇ ಬಿದ್ದಿರಲಿಲ್ಲ.

ಮೂರು ವರ್ಷ ಕಳೆದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಬಂದೆ. ನನಗಿಂತ ಹದಿನೆಂಟು ವರ್ಷ ದೊಡ್ಡವರಾದ ಮ್ಯಾನೇಜರ್ ಕೈಕುಲುಕಿ, ‘ಇಲ್ಲಿ ಸರ್ ಗಿರ್ ಏನಿಲ್ಲ, ರವಿ ಅನ್ನಿ ಸಾಕು’ ಅಂದರು. (ಹೆಸರು ಬೇರೆ, ರವಿ ಅಂತಲೇ ಇಟ್ಟುಕೊಳ್ಳೋಣ.) ಮುಂದಿನ ಎರಡು ವಾರ ನಾನು ಅವರನ್ನು ಏನೂ ಕರೆಯಲಿಲ್ಲ. ಮಾತಾಡಿಸಬೇಕಾದರೆ ಅವರ ಮೇಜಿನ ಪಕ್ಕ ಹೋಗಿ ನಿಂತು ಕೆಮ್ಮುತ್ತಿದ್ದೆ. ಇಂಗ್ಲಿಷ್ ಮೀಟಿಂಗಿನಲ್ಲಿ ಹೇಗೋ ‘ರವಿ’ ಬಾಯಿಗೆ ಬಂತು. ಕ್ಯಾಂಟೀನಿನಲ್ಲಿ ಅವರು ಕನ್ನಡದಲ್ಲಿ ಮಾತು ತೆಗೆದಾಗ ಮಾತ್ರ ‘ರವಿ, ಕಾಫಿ ಕುಡೀತೀ...’ ಅಲ್ಲಿಗೆ ನಾಲಿಗೆ ನಿಂತುಬಿಟ್ಟಿತು. ‘ಕುಡೀತೀಯಾ’ ಅಂದರೆ ಅತಿಯಾಯಿತು, ‘ಕುಡೀತೀರಾ’ ಅಂದರೆ ಹೆಸರಿಗೂ ಅದಕ್ಕೂ ತಾಳೆಯಾಗುತ್ತಿಲ್ಲ ಅನ್ನಿಸಿತು.

ಆಮೇಲೆ ಇಪ್ಪತ್ತು ವರ್ಷ ನಾಲ್ಕಾರು ಕಚೇರಿ ಸುತ್ತಿದೆ, ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಇದೇ ಪಾಠ ಹೇಳಿಕೊಡುವ ಕೆಲಸವೂ ನನ್ನ ಪಾಲಿಗೆ ಬಂತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

1. ಮೊದಲ ವಾರ ಬಾಯಿಗಿಂತ ಕಿವಿಗೆ ಕೆಲಸ ಕೊಡಿ

ಕಂಪನಿಯ ಪರಿಚಯ ಶಿಬಿರದಲ್ಲಿ ‘ನಮ್ಮಲ್ಲಿ ಎಲ್ಲರೂ ಸಮಾನರು, ಎಲ್ಲರನ್ನೂ ಹೆಸರಿನಿಂದಲೇ ಕರೆಯುತ್ತೇವೆ’ ಅಂತ ಹೇಳುತ್ತಾರೆ. ನಂಬಿ, ಆದರೆ ಪೂರ್ತಿ ನಂಬಬೇಡಿ. ಒಂದೇ ಕಚೇರಿಯಲ್ಲಿ ಒಬ್ಬರೇ ವ್ಯಕ್ತಿಗೆ ನಾಲ್ಕು ಕರೆ ಇರುತ್ತವೆ: ಇಮೇಲ್‌ನಲ್ಲಿ ಒಂದು, ಮೀಟಿಂಗಿನಲ್ಲಿ ಒಂದು, ಟೀ ಅಂಗಡಿ ಮುಂದೆ ಒಂದು, ಹೊರಗಿನ ಗ್ರಾಹಕರ ಎದುರು ಒಂದು. ಈ ನಾಲ್ಕೂ ಕಡೆ ನಿಮ್ಮಷ್ಟೇ ವಯಸ್ಸಿನ, ನಿಮ್ಮಷ್ಟೇ ಹುದ್ದೆಯ ಒಬ್ಬರು ಏನನ್ನುತ್ತಾರೆ ಗಮನಿಸಿ. ಹತ್ತು ವರ್ಷದಿಂದ ಜೊತೆಗಿರುವವರು ‘ಏನ್ ರವಿ’ ಅನ್ನುವುದು ನಿಮಗೆ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೆ ಆ ಸಲಿಗೆ ಹತ್ತು ವರ್ಷದ ಟೀ ಲೆಕ್ಕದಲ್ಲಿ ಸಿಕ್ಕಿದ್ದು.

ಆಮೇಲೆ ಅವರ ಇಮೇಲ್‌ನ ಕೊನೆಯ ಸಾಲು ನೋಡಿ. ‘ರವಿ’ ಅಂತಷ್ಟೇ ಇದ್ದರೆ ಹೆಸರಿಗೆ ಅನುಮತಿ ಇದೆ ಅಂತ ಅರ್ಥ. ಪೂರ್ಣ ಹೆಸರು, ಇನಿಷಿಯಲ್, ಕೆಳಗೆ ಹುದ್ದೆ ಎಲ್ಲ ಇದ್ದರೆ ಸ್ವಲ್ಪ ತಾಳಿ. ಕಂಪನಿಯೇ ಹಾಕಿಕೊಟ್ಟ ಅಚ್ಚಿನ ಸಹಿ ಇದ್ದರೆ ಅದಕ್ಕೆ ಮೇಲೆ ಅವರು ಕೈಯಾರೆ ಟೈಪ್ ಮಾಡಿದ್ದೇನು ಅನ್ನುವುದನ್ನು ನೋಡಬೇಕು.

ಸರ್ಕಾರಿ ಕಚೇರಿ, ನ್ಯಾಯಾಲಯ, ಪೊಲೀಸ್ ಠಾಣೆ, ಸೈನ್ಯ ಇವುಗಳಲ್ಲಿ ಈ ಪತ್ತೇದಾರಿಕೆ ಬೇಕಿಲ್ಲ. ಅಲ್ಲಿ ಹೆಸರಿಗಿಂತ ಕುರ್ಚಿ ದೊಡ್ಡದು, ಅದಕ್ಕೆ ಕಾರಣವೂ ಇದೆ. ತಹಶೀಲ್ದಾರರು ವರ್ಗವಾಗಿ ಹೋಗುತ್ತಾರೆ, ‘ಮಾನ್ಯ ತಹಶೀಲ್ದಾರರು’ ಎಂದು ಬರೆದ ಅರ್ಜಿ ಅಲ್ಲೇ ಉಳಿಯುತ್ತದೆ. ನ್ಯಾಯಾಲಯದ ವಿಷಯಕ್ಕೆ ಬಂದರೆ, ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ನಿಯಮ ಮಾಡಿತು: ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳಲ್ಲಿ ‘ಯುವರ್ ಆನರ್’ ಅಥವಾ ‘ಆನರಬಲ್ ಕೋರ್ಟ್’ ಎನ್ನಬಹುದು, ಕೆಳಗಿನ ನ್ಯಾಯಾಲಯಗಳಲ್ಲಿ ‘ಸರ್’ ಅಥವಾ ಆಯಾ ಭಾಷೆಯಲ್ಲಿ ಅದಕ್ಕೆ ಸಮನಾದ ಮಾತು ಸಾಕು ಎಂದು. ಹಾಗಿದ್ದರೂ ‘ಮೈ ಲಾರ್ಡ್’ ಹೋಗಿಲ್ಲ, ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ‘ಮಹಾಸ್ವಾಮಿ’ಯೂ ಹೋಗಿಲ್ಲ. ಪಕ್ಕದ ಕೇರಳದಲ್ಲಿ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಪಂಚಾಯಿತಿ 2021ರಲ್ಲಿ ತನ್ನ ಕಚೇರಿಯಲ್ಲಿ ‘ಸರ್’, ‘ಮೇಡಂ’ ಎರಡನ್ನೂ ಕೈಬಿಟ್ಟಿತು. ಅಂಥ ಠರಾವು ಇಲ್ಲದ ಕಡೆ ನೀವೊಬ್ಬರೇ ಕ್ರಾಂತಿ ಮಾಡಲು ಹೋಗಬೇಡಿ. ನಿಮ್ಮ ಫೈಲ್ ಇನ್ನೂ ಅವರ ಮೇಜಿನ ಮೇಲಿದೆ.

2. ತಿಳಿಯದಿದ್ದರೆ ಕೇಳಿ, ಒಂದೇ ಸಲ

ಎರಡು ವಾರ ಕೆಮ್ಮುವುದಕ್ಕಿಂತ ಒಂದು ನಿಮಿಷ ಮುಜುಗರಪಡುವುದು ವಾಸಿ. ಇಬ್ಬರೇ ಇರುವಾಗ ಕೇಳಿ, ಹತ್ತು ಜನರ ಮುಂದೆ ಬೇಡ. ನಾನು ಹೇಳಿಕೊಡುವ ಸಾಲು ಇದು: ‘ಇಲ್ಲಿ ಎಲ್ಲರೂ ನಿಮ್ಮನ್ನ ಹೆಸರಿಂದ ಕರೀತಾರೆ, ನನಗೆ ಇನ್ನೂ ರೂಢಿ ಇಲ್ಲ. ನಿಮ್ಮನ್ನ ಏನಂತ ಕರೀಲಿ?’ ಅವರು ‘ನಿಮಗೆ ಹೇಗೆ ಅನುಕೂಲವೋ ಹಾಗೆ’ ಅಂದರೆ, ಅದು ಬಹುತೇಕ ‘ಸರ್ ಅಂದರೆ ಬೇಜಾರಿಲ್ಲ’ ಎನ್ನುವುದಕ್ಕೆ ಹತ್ತಿರದ ಉತ್ತರ. ‘ಹೆಸರು ಹೇಳಿ’ ಅಂತ ನೇರವಾಗಿ ಅಂದರೆ ಹೆಸರೇ ಹೇಳಿ, ಪದೇ ಪದೇ ‘ಸರ್’ ಅಂದು ‘ಅಯ್ಯೋ ಸಾರಿ ಸರ್’ ಅನ್ನಬೇಡಿ. ಒಬ್ಬರು ಬೇಡ ಅಂದದ್ದನ್ನು ಬಲವಂತವಾಗಿ ಕೊಡುವುದೂ ಒಂದು ಬಗೆಯ ಕಿರಿಕಿರಿಯೇ.

3. ಹೆಸರು ಬೇರೆ, ಬಾಲ ಬೇರೆ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

‘ಹೆಸರು ಹಿಡಿದು ಕರೆಯುವುದು’ ಕನ್ನಡದಲ್ಲಿ ಬೈಗುಳಕ್ಕೆ ಹತ್ತಿರದ ಮಾತು. ‘ನನ್ನನ್ನೇ ಹೆಸರು ಹಿಡಿದು ಕರೀತಾನೆ ನೋಡು’ ಅಂತ ಹಿರಿಯರು ಸಿಡುಕುವುದನ್ನು ಕೇಳಿಯೇ ನಾವೆಲ್ಲ ಬೆಳೆದದ್ದು. ಗಂಡನ ಹೆಸರು ಹೇಳಬೇಕಾದರೆ ಒಡಪು ಕಟ್ಟಿ ಅದರೊಳಗೆ ಬಚ್ಚಿಟ್ಟು ಹೇಳುವ ಪದ್ಧತಿ ಇರುವ ನಾಡು ನಮ್ಮದು. ಆದ್ದರಿಂದ ಹೆಸರೇ ತಪ್ಪು ಅಂತ ನಾವು ಅಂದುಕೊಂಡಿದ್ದೇವೆ.

ಹಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಶಾನುಭೋಗರು, ಪಟೇಲರು, ಶೆಟ್ಟರು ಎಲ್ಲರನ್ನೂ ಹೆಸರಿನಿಂದ ಕರೆದದ್ದಿದೆ: ‘ರಾಮಣ್ಣನವರೇ, ಬರಬೇಕು’, ‘ಶಂಕರಪ್ಪನೋರು ಏನಂದ್ರು?’ ಕನ್ನಡದಲ್ಲಿ ಮರ್ಯಾದೆ ಕೂತಿರುವುದು ಹೆಸರಿನಲ್ಲಲ್ಲ, ಅದರ ಹಿಂದೆ ಬರುವ ಕ್ರಿಯಾಪದದ ಬಾಲದಲ್ಲಿ. ‘ರವಿ, ಬನ್ನಿ’ ಎಂಬುದರಲ್ಲಿ ಹೆಸರಿದೆ, ಗೌರವವೂ ಇದೆ. ‘ಸರ್, ಬಾ’ ಎಂಬುದರಲ್ಲಿ ‘ಸರ್’ ಇದ್ದೂ ಗೌರವವಿಲ್ಲ. ಧಾರವಾಡದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅವರ ‘ರೀ’ ಯಾವ ಹೆಸರಿಗೆ ಬೇಕಾದರೂ ಅಂಟಿಕೊಳ್ಳುತ್ತದೆ, ‘ರವೀ, ಬರ್ರಿ’ ಅಂದರೆ ಮುಗಿಯಿತು.

ಹಾಗಾಗಿ ಇಂಗ್ಲಿಷ್‌ನಲ್ಲಿ ‘ರವಿ ಅನ್ನಿ’ ಎಂದು ಅನುಮತಿ ಸಿಕ್ಕಿದಾಗ ಸಿಕ್ಕಿದ್ದು ಹೆಸರಿಗೆ ಮಾತ್ರ, ‘ನೀನು’ ಅನ್ನುವುದಕ್ಕಲ್ಲ. ಕನ್ನಡಕ್ಕೆ ಮರಳಿದ ಕೂಡಲೇ ಹೀಗೆ ಮಾಡಿ:

ಎದುರಿಗೆ ಮಾತಾಡುವಾಗ ಹೆಸರು ಮತ್ತು ಬಹುವಚನ. ‘ರವಿ, ಈ ಫೈಲ್ ನೋಡಿದ್ರಾ?’ ‘ರವಿ, ನೀವು ಹೇಳಿದ ಹಾಗೇ ಮಾಡಿದ್ದೀನಿ.’

ಬೇರೆಯವರ ಹತ್ತಿರ ಅವರ ಬಗ್ಗೆ ಹೇಳುವಾಗಲೂ ಬಹುವಚನವೇ. ‘ರವಿ ಬಂದ್ರು’, ‘ರವಿ ಹೇಳ್ತಿದ್ರು’. ಹೊಸಬರು ಜಾರಿ ಬೀಳುವುದು ಹೆಚ್ಚಾಗಿ ಇಲ್ಲೇ. ಇಂಗ್ಲಿಷಿನಲ್ಲಿ ‘ರವಿ’ ಅಂದು ಅಂದು ರೂಢಿಯಾಗಿ, ಟೀ ಕುಡಿಯುವಾಗ ‘ರವಿ ಇನ್ನೂ ಬಂದಿಲ್ಲ ಕಣೋ, ಅವನು ಬರೋದೇ ಹತ್ತು ಗಂಟೆಗೆ’ ಅಂತ ಬಾಯಿಗೆ ಬಂದುಬಿಡುತ್ತದೆ. ಹಿಂದಿನ ಮೇಜಿನಲ್ಲಿ ರವಿ ಕೂತಿರುತ್ತಾರೆ. ನನ್ನ ವಿಷಯದಲ್ಲಿ ಕೂತಿದ್ದರು. ಅವರು ಏನೂ ಅನ್ನಲಿಲ್ಲ, ಗಡಿಯಾರ ನೋಡಿ ‘ಒಂಬತ್ತೂ ಮುಕ್ಕಾಲು’ ಅಂದರು.

‘ಅವರೇ’ ಸೇರಿಸಬೇಕೇ? ‘ರವಿ ಅವರೇ’ ಎಂಬುದು ವೇದಿಕೆಯ ಮೇಲೆ, ಪತ್ರದಲ್ಲಿ, ಫೋನಿನ ಮೊದಲ ಸಾಲಿನಲ್ಲಿ ಚೆಂದ. ದಿನಕ್ಕೆ ಇಪ್ಪತ್ತು ಸಲ ಎದುರುಬದುರು ಅಂದರೆ ನಿರೂಪಕರು ಅತಿಥಿಯನ್ನು ಕರೆದಂತೆ ಕೇಳುತ್ತದೆ. ‘ರವಿ ಸರ್’ ಎಂಬ ಮಧ್ಯದ ದಾರಿಯೂ ಇದೆ. ಇಬ್ಬರು ಮೂವರು ಸರ್‌ಗಳಿರುವ ಕಡೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಶಾಲೆ ಕಾಲೇಜುಗಳಲ್ಲಿ ಇದೇ ನಡೆಯುವುದು. ಹಳೆಯ ಕಚೇರಿಯಿಂದ ಹೊಸ ಕಚೇರಿಗೆ ಬಂದವರು ಮೊದಲ ತಿಂಗಳು ಈ ಸೇತುವೆಯ ಮೇಲೆ ನಡೆಯಬಹುದು. ಅಲ್ಲೇ ಮನೆ ಕಟ್ಟಿಕೊಳ್ಳಬೇಡಿ.

‘ನೀವು’ನಿಂದ ‘ನೀನು’ಗೆ ಇಳಿಯುವುದು ಯಾವಾಗ? ಮೇಲಿನವರು ತಾವಾಗಿಯೇ ಹೇಳಿದಾಗ ಮಾತ್ರ. ಅವರು ನಿಮ್ಮನ್ನು ‘ಏನೋ, ಊಟ ಆಯ್ತಾ’ ಅಂದರು ಅಂತ ನೀವು ತಿರುಗಿ ‘ನಿಂದಾಯ್ತಾ’ ಅನ್ನುವ ಹಾಗಿಲ್ಲ. ಈ ರಸ್ತೆ ಏಕಮುಖ. ಅನ್ಯಾಯ ಅನ್ನಿಸಿದರೆ ಅನ್ನಿಸಲಿ, ಅದನ್ನು ಸರಿ ಮಾಡಬೇಕಾದವರು ಮೇಲಿರುವವರು. ಅವರಿಗೆ ಬೇರೆ ಭಾಗ ಬರೆದಿದ್ದೇನೆ.

4. ಮೇಡಂಗಳ ವಿಷಯದಲ್ಲಿ ತಕ್ಕಡಿ ನೋಡಿಕೊಳ್ಳಿ

ಒಂದು ಕಚೇರಿಯಲ್ಲಿ ಸಮಾನ ಹುದ್ದೆಯ ಇಬ್ಬರು ಮುಖ್ಯಸ್ಥರಿದ್ದರು. ಗಂಡಸರು ‘ಹೆಗಡೆ ಸರ್’, ಹೆಂಗಸರು ‘ಲತಾ’. ಯಾರೂ ಬೇಕಂತ ಮಾಡಿದ್ದಲ್ಲ. ಲತಾ ನಗುತ್ತಾ ಮಾತಾಡುತ್ತಿದ್ದರು, ಹೆಗಡೆಯವರು ಮುಖ ಗಂಟಿಕ್ಕಿಕೊಂಡಿರುತ್ತಿದ್ದರು. ಆದರೆ ಗ್ರಾಹಕರು ಬಂದಾಗ ‘ಹೆಗಡೆ ಸರ್ ಮತ್ತು ಲತಾ’ ಅಂತ ಪರಿಚಯ ಮಾಡಿಸಿದರೆ, ಲತಾ ಎಂದರೆ ಹೆಗಡೆಯವರ ಸಹಾಯಕಿ ಅಂತಲೇ ಕೇಳಿದವರು ಅಂದುಕೊಳ್ಳುತ್ತಾರೆ. ಅಂದುಕೊಂಡರು ಕೂಡ.

ನಿಯಮ ಸರಳ: ಒಂದೇ ಮಟ್ಟದವರಿಗೆ ಒಂದೇ ಅಳತೆ. ಇಬ್ಬರಿಗೂ ಹೆಸರು, ಇಲ್ಲವೇ ಇಬ್ಬರಿಗೂ ಸರ್–ಮೇಡಂ. ಮೇಲಧಿಕಾರಿ ಹೆಂಗಸಾದರೆ ‘ಅಕ್ಕ’, ‘ಅಮ್ಮ’ ಅಂತ ನಂಟು ಕಟ್ಟುವ ಮೊದಲು ಎರಡು ಸಲ ಯೋಚಿಸಿ. ಸಣ್ಣ ಊರಿನಲ್ಲಿ, ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ ‘ಅಮ್ಮಾವ್ರೇ’ ಎಂಬುದು ತುಂಬು ಗೌರವದ ಮಾತು. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ನಲವತ್ತು ವರ್ಷದವರಿಗೆ ಅದನ್ನಂದರೆ ಅವರ ಮುಖ ಹೇಗಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ‘ಅಣ್ಣ’ ಎಂಬುದಕ್ಕೆ ಯಾಕೋ ಅಷ್ಟು ಅಪಾಯವಿಲ್ಲ. ಮಂಗಳೂರು, ಉಡುಪಿ ಕಡೆ ಹೆಸರಿಗೆ ‘ಅಣ್ಣ’ ಸೇರಿಸಿ ಕರೆದರೆ ಮಾಲೀಕರಿಗೂ ಸಲ್ಲುತ್ತದೆ, ಕೆಲಸದವರಿಗೂ ಸಲ್ಲುತ್ತದೆ.

5. ಅಡ್ಡಹೆಸರು: ಇದೇ ನಿಜವಾದ ಕೆಸರುಗದ್ದೆ

ಎಲ್ಲ ಕಚೇರಿಯಲ್ಲೂ ಬಾಸ್‌ಗೆ ಕನಿಷ್ಠ ಎರಡು ಅಡ್ಡಹೆಸರು ಇರುತ್ತವೆ, ಅವರಿಗೆ ಗೊತ್ತಿರುವುದು ಒಂದು, ಗೊತ್ತಿಲ್ಲದ್ದು ಒಂದು. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡಿ.

ಗೊತ್ತಿರುವುದರಲ್ಲಿ ಅತ್ಯಂತ ಸುರಕ್ಷಿತವಾದದ್ದು ಇನಿಷಿಯಲ್ ಹೆಸರು. ಇದನ್ನು ನಾವು ಅಮೆರಿಕದಿಂದ ಕಲಿತದ್ದಲ್ಲ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರನ್ನು ‘ಡಿವಿಜಿ’ ಎಂದೂ, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ನರಸಿಂಹಯ್ಯನವರನ್ನು ‘ಎಚ್ಚೆನ್’ ಎಂದೂ ನಾಡೇ ಕರೆಯಿತು. ಅದರಲ್ಲಿ ಸಲಿಗೆಯೂ ಇದೆ, ದೂರವೂ ಇದೆ, ಎರಡೂ ಹದವಾಗಿ. ವಿಶ್ವೇಶ್ವರಯ್ಯನವರಿಗೆ ಸಿಕ್ಕ ‘ಸರ್’ ಬ್ರಿಟಿಷರ ಬಿರುದು, ನಮ್ಮ ಕಚೇರಿಯ ‘ಸರ್’ ಅಲ್ಲ. ಆ ಬಿರುದಿಗೂ ಜನ ಇನಿಷಿಯಲ್ ಜೋಡಿಸಿ ‘ಸರ್ ಎಂ.ವಿ.’ ಮಾಡಿಬಿಟ್ಟರು. ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ‘ಎನ್‌ಆರ್‌ಎನ್’ ಆದದ್ದು ಇದೇ ಸಾಲಿನಲ್ಲಿ. ಹೆಸರೂ ಬಾಯಿಗೆ ಬಾರದೆ, ‘ಸರ್’ ಕೂಡ ಬೇಡವೆಂದಾದಾಗ, ಎಲ್ಲರೂ ಬಳಸುವ ಇನಿಷಿಯಲ್ ಇದ್ದರೆ ಅದನ್ನು ಹಿಡಿದುಕೊಳ್ಳಿ. ಹೊಸದನ್ನು ನೀವೇ ಹುಟ್ಟಿಸಬೇಡಿ.

ಚಿಕ್ಕದು ಮಾಡಿದ ಹೆಸರುಗಳ ಕತೆ ಬೇರೆ. ಕೃಷ್ಣಮೂರ್ತಿ ‘ಕಿಟ್ಟಿ’ಯಾದರೆ, ವೆಂಕಟೇಶ ‘ವೆಂಕಿ’ಯಾದರೆ, ಆ ಹೆಸರು ಯಾರ ಕೈಯಲ್ಲಿ ಹುಟ್ಟಿತು ಅನ್ನುವುದು ಮುಖ್ಯ. ಮನೆಯವರು, ಹಾಸ್ಟೆಲ್ ಗೆಳೆಯರು ಇಟ್ಟದ್ದಾದರೆ ಅದು ಅವರದ್ದು. ನಿರ್ದೇಶಕರ ಬಾಲ್ಯದ ಗೆಳೆಯರೊಬ್ಬರು ಕಚೇರಿಗೆ ಬಂದು ‘ಎಲ್ಲೋ ನಮ್ ಕಿಟ್ಟಿ’ ಅಂದರು ಅಂತ ಮರುದಿನ ನೀವು ‘ಕಿಟ್ಟಿ ಸರ್’ ಅಂದರೆ ಕೆಲಸ ಕೆಡುತ್ತದೆ. ಅವರೇ ಮೀಟಿಂಗಿನಲ್ಲಿ ‘ಐ ಆಮ್ ವೆಂಕಿ’ ಅಂತ ಪರಿಚಯಿಸಿಕೊಂಡರೆ ಮಾತ್ರ ಅದು ಸಾರ್ವಜನಿಕ ಆಸ್ತಿ.

‘ಬಾಸ್’, ‘ಗುರು’, ‘ಗುರುವೇ’ ಇವು ಬೆಂಗಳೂರು–ಮೈಸೂರು ಕಡೆ ಎಲ್ಲರಿಗೂ ಸಲ್ಲುವ ನಾಣ್ಯಗಳು. ಆಟೋ ಡ್ರೈವರ್‌ಗೂ ‘ಬಾಸ್’, ಅಪರಿಚಿತರಿಗೂ ‘ಗುರು’. ನಿಮ್ಮ ನಿಜವಾದ ಬಾಸ್‌ಗೆ ‘ಬಾಸ್’ ಅನ್ನಬಹುದು, ‘ಗುರು’ ಅನ್ನುವುದಕ್ಕೆ ಕನಿಷ್ಠ ಒಂದು ತಂಡದ ಪ್ರವಾಸವಾದರೂ ಆಗಿರಬೇಕು. ‘ಮಗಾ’ ಬೇಡವೇ ಬೇಡ.

ಇನ್ನು ಅವರಿಗೆ ಗೊತ್ತಿಲ್ಲದ ಹೆಸರು. ಅದನ್ನು ನೀವು ಇಟ್ಟಿಲ್ಲ, ನಿಮಗೂ ನಗು ಬರುತ್ತದೆ, ಸರಿ. ಆದರೆ ಫೋನಿನಲ್ಲಿ ಅವರ ನಂಬರನ್ನು ಆ ಹೆಸರಿನಲ್ಲಿ ಉಳಿಸಬೇಡಿ. ಮೊಬೈಲ್ ಮೇಜಿನ ಮೇಲೆ ಅಂಗಾತ ಬಿದ್ದಿರುತ್ತದೆ, ಅವರು ಪಕ್ಕದಲ್ಲೇ ಕೂತು ‘ನಿನ್ನ ಫೋನ್ ಎಲ್ಲಿದೆ ನೋಡೋಣ’ ಅಂತ ರಿಂಗ್ ಕೊಡುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರ ಫೋನಿನ ಮೇಲೆ ‘ಹಿಟ್ಲರ್ ಕಾಲಿಂಗ್’ ಅಂತ ದಪ್ಪಕ್ಷರದಲ್ಲಿ ಬಂದದ್ದು ಆ ಇಲಾಖೆಯಲ್ಲಿ ಇಂದಿಗೂ ದಂತಕತೆ. ಪರದೆ ಹಂಚಿಕೊಂಡು ಪ್ರೆಸೆಂಟೇಶನ್ ಮಾಡುವಾಗ ವಾಟ್ಸಾಪ್ ಮುಚ್ಚಿ. ತಂಡದ ಗುಟ್ಟಿನ ಗುಂಪಿನಲ್ಲಿ ಬರೆದದ್ದೂ ಒಂದು ದಿನ ಸ್ಕ್ರೀನ್‌ಶಾಟ್ ಆಗಿ ಹೊರಗೆ ಬರುತ್ತದೆ ಅಂದುಕೊಂಡೇ ಬರೆಯಿರಿ. ಅವರ ಮೈಬಣ್ಣ, ಜಾತಿ, ಊರು, ತೊದಲು, ನಡಿಗೆ ಹಿಡಿದು ಇಟ್ಟ ಹೆಸರಾದರೆ ಅದು ಅಡ್ಡಹೆಸರಲ್ಲ, ಅವಮಾನ. ಅಂಥದ್ದಕ್ಕೆ ನಗದಿರುವ ಒಬ್ಬರು ತಂಡದಲ್ಲಿದ್ದರೆ ಸಾಕು, ಆ ಹೆಸರು ಬೇಗ ಸಾಯುತ್ತದೆ.

6. ಹೊರಗಿನವರು ಬಂದಾಗ ಒಂದು ಮೆಟ್ಟಿಲು ಮೇಲೆ

ಒಳಗೆ ‘ರವಿ’ ಆಗಿದ್ದವರು ಗ್ರಾಹಕರ ಎದುರು, ಅವರ ಮನೆಯವರ ಎದುರು, ಹೊಸ ಅಭ್ಯರ್ಥಿಯ ಸಂದರ್ಶನದಲ್ಲಿ ಪೂರ್ಣ ಹೆಸರು ಮತ್ತು ಹುದ್ದೆಯಾಗಲಿ. ಕನ್ನಡದಲ್ಲಿ ಇದು ಸಹಜ: ‘ಇವರು ನಮ್ಮ ವಿಭಾಗದ ಮುಖ್ಯಸ್ಥರು, ರವಿಶಂಕರ್ ಅವರು.’ ಅವರ ಮಗಳ ಮದುವೆಗೆ ಹೋದಾಗ ಬೀಗರ ಎದುರಿಗೆ ‘ಹಾಯ್ ರವಿ’ ಅಂದರೆ ನಿಮಗೇನೂ ನಷ್ಟವಿಲ್ಲ. ಬೀಗರು ಮಾತ್ರ ‘ಇವರ ಕೈಕೆಳಗಿನವರೇ ಹೀಗೆ ಕರೀತಾರಲ್ಲ’ ಅಂತ ಅಂದುಕೊಳ್ಳುತ್ತಾರೆ.

ಜಪಾನೀಯರ ಜೊತೆ ಕೆಲಸ ಮಾಡುವವರು ಇಲ್ಲಿ ಒಂದು ತಿರುವು ನೆನಪಿಡಬೇಕು. ಅವರ ಪದ್ಧತಿ ನಮ್ಮದಕ್ಕೆ ಸರಿಯಾಗಿ ಉಲ್ಟಾ. ಒಳಗೆ ಮೇಲಧಿಕಾರಿಗೆ ಮನೆತನದ ಹೆಸರಿನ ಜೊತೆ ‘ಸಾನ್’ ಅಥವಾ ಹುದ್ದೆಯ ಹೆಸರು ಸೇರಿಸುತ್ತಾರೆ. ಹೊರಗಿನ ಕಂಪನಿಯವರ ಹತ್ತಿರ ಅದೇ ಮೇಲಧಿಕಾರಿಯ ಬಗ್ಗೆ ಹೇಳುವಾಗ ‘ಸಾನ್’ ಬಿಟ್ಟು ಬರೀ ಹೆಸರು ಹೇಳುತ್ತಾರೆ. ನಮ್ಮ ಮನೆಯವರನ್ನು ಹೊರಗಿನವರ ಮುಂದೆ ನಾವೇ ಹೊಗಳಬಾರದು ಎಂಬ ಲೆಕ್ಕ. ಅದರಂತೆ ತಮ್ಮ ಹೆಸರಿಗೆ ತಾವೇ ‘ಸಾನ್’ ಹಚ್ಚಿಕೊಳ್ಳುವುದೂ ಇಲ್ಲ.

7. ಬಾಸ್ ಬೇರೆ ದೇಶದವರಾದರೆ

ಬೆಂಗಳೂರಿನಲ್ಲಿ ಕೂತು ಸ್ಟಾಕ್‌ಹೋಮ್‌ಗೋ ಸೋಲ್‌ಗೋ ಲೆಕ್ಕ ಒಪ್ಪಿಸುವವರಿಗೆ ಈ ಭಾಗ. ‘ವಿದೇಶದಲ್ಲಿ ಎಲ್ಲರೂ ಹೆಸರೇ ಕರೆಯುವುದು’ ಎಂಬುದು ಅರ್ಧ ಸತ್ಯ.

ಸ್ವೀಡನ್‌ನಲ್ಲಿ ಅದು ನಿಜ, ಆದರೆ ಹಳೆಯ ಕಾಲದಿಂದ ಬಂದದ್ದಲ್ಲ. ಅಲ್ಲೂ ಮೊದಲು ಎದುರಿಗಿರುವವರನ್ನೇ ಹುದ್ದೆ ಹೇಳಿ, ಪ್ರಥಮ ಪುರುಷದಲ್ಲಿ ಮಾತಾಡಿಸುತ್ತಿದ್ದರು. ನಮ್ಮಲ್ಲಿ ‘ಸಾಹೇಬರು ಕಾಫಿ ತಗೋತಾರಾ?’ ಅಂತ ಸಾಹೇಬರನ್ನೇ ಕೇಳುವುದಿಲ್ಲವೇ, ಹಾಗೆ. 1967ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಮಂಡಳಿಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್, ಇನ್ನು ಮೇಲೆ ತಾನು ಎಲ್ಲರನ್ನೂ ‘ದೂ’, ಅಂದರೆ ‘ನೀನು’, ಎಂದು ಹೆಸರು ಹಿಡಿದೇ ಮಾತಾಡಿಸುವುದಾಗಿ ಸಿಬ್ಬಂದಿಗೆ ಹೇಳಿದರು. ದೇಶದ ತುಂಬ ಆಗಲೇ ಬೀಸುತ್ತಿದ್ದ ಗಾಳಿಗೆ ಅವರ ಹೆಸರೇ ಗುರುತಾಗಿ ಉಳಿಯಿತು. ಬ್ರೂರ್ ಎಂದರೆ ಸ್ವೀಡಿಷ್‌ನಲ್ಲಿ ‘ಸಹೋದರ’. ಅಂದರೆ ಅವರನ್ನು ಹೆಸರು ಹಿಡಿದು ಕರೆದವರೆಲ್ಲ ನಮ್ಮ ಲೆಕ್ಕದಲ್ಲಿ ‘ಅಣ್ಣಾ’ ಅಂದಹಾಗೇ ಆಯಿತು! ಸ್ವೀಡನ್ನಿನ ಮ್ಯಾನೇಜರ್‌ಗೆ ‘ಸರ್’ ಅಂದರೆ ಅವರಿಗೆ ಕಸಿವಿಸಿ, ಮೊದಲ ಇಮೇಲ್‌ನಿಂದಲೇ ಹೆಸರು ಬರೆಯಿರಿ.

ಜರ್ಮನರಲ್ಲಿ ‘ಝೀ’ ಮತ್ತು ‘ದು’ ನಮ್ಮ ‘ನೀವು’–‘ನೀನು’ ಜೋಡಿಯಂತೆಯೇ. ‘ದು’ ಅನ್ನೋಣ ಎಂಬ ಆಹ್ವಾನ ಹಿರಿಯರಿಂದ, ಮೇಲಿನವರಿಂದ ಬರಬೇಕು. ಇದು ಕನ್ನಡಿಗರಿಗೆ ಯಾರೂ ವಿವರಿಸಬೇಕಿಲ್ಲದ ಸಂಗತಿ. ಅವರಲ್ಲಿ ‘ಹ್ಯಾಂಬರ್ಗ್ ಝೀ’ ಎಂಬ ಒಂದು ಬಗೆಯೂ ಇದೆ: ಮೊದಲ ಹೆಸರು, ಜೊತೆಗೆ ಬಹುವಚನ. ಅಂದರೆ ನಮ್ಮ ‘ರವಿ, ಬನ್ನಿ’! ಇದನ್ನು ಓದಿದ ದಿನ ನನ್ನ ಕ್ಯಾಂಟೀನ್ ಸಂಕಟಕ್ಕೆ ಒಂದು ಊರಿನ ಹೆಸರೇ ಇದೆಯಲ್ಲ ಅಂತ ಖುಷಿಯಾಗಿತ್ತು. 2016ರಲ್ಲಿ ಅಲ್ಲಿನ ಒಟ್ಟೋ ಎಂಬ ದೊಡ್ಡ ವ್ಯಾಪಾರ ಸಮೂಹದ ಮುಖ್ಯಸ್ಥ ಹಾನ್ಸ್–ಒಟ್ಟೋ ಶ್ರಾಡರ್ ತಮ್ಮ ಎಲ್ಲ ನೌಕರರಿಗೂ ‘ದು’ ಅನ್ನಿ, ಬೇಕಾದರೆ ‘ಹೋಸ್’ ಅನ್ನಿ ಎಂದು ಆಹ್ವಾನ ಕೊಟ್ಟರು. ಆ ‘ಹೋಸ್’ ಅವರ ಹೆಸರಿನ ಮೂರು ಮೊದಲಕ್ಷರಗಳು, ನಮ್ಮ ಡಿವಿಜಿ ಎಚ್ಚೆನ್‌ಗಳ ದಾಯಾದಿ.

ಕೊರಿಯಾದಲ್ಲಿ ಹುದ್ದೆಯ ಹೆಸರಿನಿಂದಲೇ ಕರೆಯುವುದು ಪದ್ಧತಿ. ಅದನ್ನು ಮುರಿಯಲು ಅಲ್ಲಿನ ಸಿಜೆ ಎಂಬ ಉದ್ಯಮ ಸಮೂಹ 2000ದಲ್ಲಿ ಎಲ್ಲರಿಗೂ ಹೆಸರಿನ ಜೊತೆ ‘ನಿಮ್’ ಎಂಬ ಒಂದೇ ಗೌರವಸೂಚಕ ಸಾಕು ಎಂದಿತು. ಸ್ಯಾಮ್ಸಂಗ್ ಎಲೆಕ್ಟ್ರಾನಿಕ್ಸ್ 2017ರಲ್ಲಿ ಹುದ್ದೆಯ ಮೆಟ್ಟಿಲುಗಳನ್ನು ಏಳರಿಂದ ನಾಲ್ಕಕ್ಕೆ ಇಳಿಸಿ ಅದೇ ದಾರಿ ಹಿಡಿಯಿತು. 2023ರಲ್ಲಿ ಅದನ್ನು ಮೇಲಿನ ಅಧಿಕಾರಿಗಳಿಗೂ ವಿಸ್ತರಿಸಿದಾಗ ಮುಖ್ಯಸ್ಥ ಲೀ ಜೇ–ಯಾಂಗ್ ‘ಜೆವೈ’ ಆದರು, ಮತ್ತೆ ಇನಿಷಿಯಲ್! ಕಾಗದದ ಮೇಲೆ ಹೀಗಿದ್ದರೂ ಕೊರಿಯಾದ ಹಿರಿಯರೊಬ್ಬರು ಮೊದಲ ಭೇಟಿಗೆ ಬಂದಾಗ ಅವರ ತಂಡದವರು ಏನನ್ನುತ್ತಾರೆ ಕೇಳಿಸಿಕೊಂಡು ಆಮೇಲೆ ಬಾಯಿ ಬಿಡಿ.

ನಮ್ಮ ಹೆಸರಿನ ತೊಡಕೂ ಒಂದಿದೆ. ಮನೆತನದ ಹೆಸರಿಲ್ಲದ ಕನ್ನಡಿಗರಿಗೆ ಕಂಪನಿಯ ಫಾರಂನಲ್ಲಿ ‘ಲಾಸ್ಟ್ ನೇಮ್’ ಜಾಗದಲ್ಲಿ ಅಪ್ಪನ ಹೆಸರೋ ಬರೀ ‘ಎಸ್’ ಎಂಬ ಅಕ್ಷರವೋ ಕೂತಿರುತ್ತದೆ. ಜರ್ಮನಿಯ ಸಹೋದ್ಯೋಗಿ ತುಂಬ ಮರ್ಯಾದೆಯಿಂದ ‘ಮಿಸ್ಟರ್ ಎಸ್’ ಅಂತ ಬರೆಯುತ್ತಾರೆ, ಇಲ್ಲವೇ ನಿಮ್ಮ ಬಾಸ್ ಅನ್ನು ಅವರ ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಮೊದಲ ಮೀಟಿಂಗಿನಲ್ಲೇ ‘ಇವರನ್ನು ರವಿ ಅಂತ ಕರೆಯಿರಿ, ನಮ್ಮಲ್ಲಿ ಗೌರವಕ್ಕೂ ಇದೇ ಹೆಸರು’ ಅಂತ ನೀವು ಒಂದು ಸಾಲು ಹೇಳಿದರೆ ಇಬ್ಬರಿಗೂ ಉಪಕಾರ.

8. ನಿನ್ನೆಯ ‘ಮಗಾ’ ಇವತ್ತಿನ ಮ್ಯಾನೇಜರ್

ಒಟ್ಟಿಗೆ ಸೇರಿದ ಗೆಳೆಯರಿಗೆ ಬಡ್ತಿ ಸಿಕ್ಕಿತು. ಏನು ಕರೆಯುವುದು? ಇಬ್ಬರೇ ಇದ್ದಾಗ ಹಳೆಯದೇ ಇರಲಿ, ತಟ್ಟನೆ ‘ಸರ್’ ಅಂದರೆ ಅವರಿಗೆ ಚುಚ್ಚಿದಂತಾಗುತ್ತದೆ. ತಂಡದ ಎದುರು ಹೆಸರು ಮತ್ತು ಬಹುವಚನಕ್ಕೆ ಬನ್ನಿ. ತಂಡದ ಕಿರಿಯರ ಕಿವಿಗೆ ‘ಲೇ, ಇದನ್ನ ಅಪ್ರೂವ್ ಮಾಡೋ’ ಎಂಬುದು ಬೀಳದಂತೆ ನೋಡಿಕೊಂಡರೆ ಸಾಕು.

9. ಈಗ ನೀವೇ ಮೇಲಿರುವವರಾದರೆ

‘ನನ್ನನ್ನು ಹೆಸರಿನಿಂದ ಕರೆಯಿರಿ’ ಅಂತ ಒಮ್ಮೆ ಹೇಳಿ, ಎಲ್ಲರಿಗೂ ಹೇಳಿ, ಆಮೇಲೆ ಬಿಟ್ಟುಬಿಡಿ. ಒಪ್ಪದವರನ್ನು ನಗೆಪಾಟಲು ಮಾಡಬೇಡಿ. ಹಳ್ಳಿಯಿಂದ ಬಂದ ಹುಡುಗಿಗೆ ಅಪ್ಪನ ವಯಸ್ಸಿನವರ ಹೆಸರು ಹೇಳಲು ಆರು ತಿಂಗಳು ಹಿಡಿಯಬಹುದು, ಅದು ಅವಳ ಹಿಂಜರಿಕೆಯಲ್ಲ, ಅವಳಿಗೆ ಕಲಿಸಿದ ಮರ್ಯಾದೆ.

ಹೆಸರು ಕೊಟ್ಟ ಮೇಲೆ ಅದರ ಬೆಲೆಯನ್ನೂ ಕೊಡಬೇಕು. ‘ರವಿ, ಈ ತಾರೀಕಿಗೆ ಆಗಲ್ಲ’ ಅಂತ ಒಬ್ಬರು ಹೇಳಿದಾಗ ಮುಖ ಕೆಂಪಾದರೆ, ಅದಕ್ಕಿಂತ ‘ಸರ್’ ಅನ್ನಿಸಿಕೊಂಡಿದ್ದರೇ ಪ್ರಾಮಾಣಿಕವಾಗಿರುತ್ತಿತ್ತು. ಹೆಸರಿನ ಉಪಯೋಗ ಇರುವುದೇ ಅಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷಾ ಪಟ್ಟಿಯಲ್ಲಿ, ಕತ್ತರಿ ಹಾಕುವ ಮೊದಲು ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಪಾತ್ರ ಹೇಳಿ ಪರಿಚಯ ಮಾಡಿಕೊಂಡಿದ್ದಾರೆಯೇ ಎಂಬ ಪ್ರಶ್ನೆಯೂ ಇದೆ. 2017ರಲ್ಲಿ ಸಿಡ್ನಿಯ ಅರಿವಳಿಕೆ ವೈದ್ಯ ರಾಬ್ ಹ್ಯಾಕೆಟ್ ತಮ್ಮ ಹೆಸರು, ಕೆಲಸ ಎರಡನ್ನೂ ಟೋಪಿಯ ಮೇಲೇ ಬರೆದುಕೊಂಡು ಆಪರೇಷನ್ ಕೋಣೆಗೆ ಹೋಗತೊಡಗಿದರು. ಎಲ್ಲರೂ ಮುಖಗವಸು ಹಾಕಿಕೊಂಡಿರುವ ಕಡೆ, ತಪ್ಪಾಗುತ್ತಿದೆ ಅಂತ ಕಿರಿಯ ನರ್ಸ್ ಕೂಗಿ ಹೇಳಬೇಕಾದರೆ ಯಾರನ್ನು ಏನೆಂದು ಕೂಗಬೇಕು ಗೊತ್ತಿರಬೇಕಲ್ಲ.

ಕೊನೆಗೆ ಕೆಳಗಿನ ಮೆಟ್ಟಿಲೂ ನೋಡಿ. ಅಮೆರಿಕದಲ್ಲಿ ಕೂತಿರುವ ಕಂಪನಿಯ ಉಪಾಧ್ಯಕ್ಷರನ್ನು ‘ಜಾನ್’ ಅನ್ನುವ ತಂಡವೇ ಐವತ್ತೈದು ವರ್ಷದ ಸೆಕ್ಯುರಿಟಿಯವರಿಗೆ ‘ಏಯ್, ಬಾ ಇಲ್ಲಿ’ ಅನ್ನುತ್ತದೆ. ಮಹಡಿ ಗುಡಿಸುವ ಹೆಂಗಸಿನ ಹೆಸರು ಆ ಮಹಡಿಯ ಮುನ್ನೂರು ಜನರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ಕಚೇರಿಯ ಸಮಾನತೆ ಎಷ್ಟು ಗಟ್ಟಿ ಅಂತ ನೋಡಲು ಬೇರೆ ಸಮೀಕ್ಷೆ ಬೇಡ, ಲಿಫ್ಟ್ ಪಕ್ಕ ಐದು ನಿಮಿಷ ನಿಲ್ಲಿ. ಹೆಸರು ಕೇಳಿ ತಿಳಿದುಕೊಳ್ಳಿ, ‘ಬನ್ನಿ’, ‘ಹೋಗಿ’ ಅನ್ನಿ. ತಂಡದವರು ನಿಮ್ಮ ಬಾಯಿ ನೋಡಿಯೇ ಕಲಿಯುತ್ತಾರೆ.

10. ಬಾಯಿ ತಪ್ಪಿದರೆ

‘ನೀನು’ ಅಂದುಬಿಟ್ಟಿರಾ? ಅದೇ ವಾಕ್ಯದಲ್ಲಿ ‘ನೀವು’ ಅಂತ ತಿದ್ದಿಕೊಂಡು ಮುಂದೆ ಹೋಗಿ. ದೊಡ್ಡ ಕ್ಷಮಾಪಣೆ ಬೇಡ. ಅಡ್ಡಹೆಸರು ಅವರ ಕಿವಿಗೆ ಬಿದ್ದಿದ್ದರೆ ಮಾತ್ರ ಅದೇ ದಿನ, ಇಬ್ಬರೇ ಇರುವಾಗ, ನೆಪ ಹೇಳದೆ ತಪ್ಪಾಯಿತು ಅನ್ನಿ. ಇಮೇಲ್‌ನಲ್ಲಿ ಕ್ಷಮೆ ಕೇಳಬೇಡಿ, ಅದರ ನಕಲು ಉಳಿಯುತ್ತದೆ.

ಕೆಲಸ ಬಿಟ್ಟ ಮೇಲೆ ಏನು ಕರೆಯಬೇಕು ಎಂದು ಕೆಲವರು ಕೇಳುತ್ತಾರೆ. ಕೊನೆಯ ದಿನ ಏನಂತಿದ್ದಿರೋ ಅದನ್ನೇ ಮುಂದುವರಿಸಿ. ಹೋದ ವರ್ಷ ರವಿ ನಮ್ಮೂರ ಕಡೆ ಬಂದವರು ಮನೆಗೂ ಬಂದಿದ್ದರು. ‘ನಿನ್ನ ಸಾಹೇಬರಲ್ವೇನೋ, ನಾನೇನಂತ ಕರೀಲಿ?’ ಅಂತ ಅಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ‘ರವಿ ಅಂತಲೇ ಅನ್ನಮ್ಮ, ಅವರಿಗೆ ಸರ್ ಅಂದ್ರೆ ಆಗಲ್ಲ’ ಅಂದೆ. ಅಮ್ಮ ಎಲೆ ಹಾಕಿ ಹೊರಗೆ ಬಂದವಳೇ, ‘ರವಿಯಪ್ಪಾ, ಏಳಪ್ಪ, ಕೈ ತೊಳ್ಕೋ, ಮುದ್ದೆ ಆರಿಹೋಗುತ್ತೆ’ ಅಂದಳು. ರವಿ ಎದ್ದು ಕೈ ತೊಳೆದುಕೊಂಡು ಬಂದು ಕೂತರು.